ಗಾಳಿ ಹಳೆಯದು, ಧೂಳು ಹೊಸದು: ಓವೆನ್ಸ್ ಸರೋವರ ಬತ್ತಿದ ಕಥೆ

 

ಧೂಳಿನ ಬಿರುಗಾಳಿ ಎದ್ದರೆ ನಾವು ಯಾರನ್ನು ಬೈತೀವಿ? ಗಾಳಿಯನ್ನು. ಗಾಳಿ ಬೀಸ್ತು, ಧೂಳೆದ್ದಿತು, ಪ್ರಕೃತಿ ವಿಕೋಪ, ಅಲ್ಲಿಗೆ ಮುಗೀತು. ಗಾಳಿಯ ಮೇಲೆ ಕೇಸ್ ಹಾಕೋಕಾಗಲ್ಲ, ದಂಡ ಕಟ್ಟು ಅನ್ನೋಕಾಗಲ್ಲ. ಹಾಗಾಗಿ ಯಾರೂ ಹೊಣೆ ಹೊರಬೇಕಾಗಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಕಣಿವೆಯ ಜನ ಮಾತ್ರ ಇದನ್ನು ಒಪ್ಪಲಿಲ್ಲ. ಗಾಳಿ ನಮ್ಮ ಅಜ್ಜನ ಕಾಲದಿಂದಲೂ ಬೀಸ್ತಾ ಇದೆ, ಈ ಧೂಳು ಯಾರದ್ದು ಅಂತ ಕೇಳಿದರು. ಆ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಸಿಗೋಕೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಆಮೇಲೆ ಒಂದು ಮಹಾನಗರ 2 ಬಿಲಿಯನ್ ಡಾಲರ್‌ಗೂ ಮೀರಿ ಖರ್ಚು ಮಾಡಬೇಕಾಯಿತು. ಇವತ್ತಿನ ಕಥೆ ಓವೆನ್ಸ್ ಕಣಿವೆಯದ್ದು.

ಬೆಟ್ಟ ಇಳಿಯುವ ಗಾಳಿ

ಮೊದಲು ಜಾಗ ಎಂಥದ್ದು ಅಂತ ನೋಡೋಣ. ಪಶ್ಚಿಮಕ್ಕೆ ಸಿಯೆರಾ ನೆವಾಡ ಪರ್ವತ ಸಾಲು. ಅದರಲ್ಲಿರುವ ಮೌಂಟ್ ವಿಟ್ನಿ 4,421 ಮೀಟರ್ ಎತ್ತರ. ಅಲಾಸ್ಕಾ ಬಿಟ್ಟರೆ ಇಡೀ ಅಮೆರಿಕದಲ್ಲಿ ಇದಕ್ಕಿಂತ ಎತ್ತರದ ಶಿಖರ ಇಲ್ಲ. ಪೂರ್ವಕ್ಕೆ ಇನ್ಯೋ ಮತ್ತು ವೈಟ್ ಪರ್ವತಗಳು. ನಡುವೆ ಉದ್ದಕ್ಕೆ, ಸಪೂರಾಗಿ, ದೋಣಿಯ ಒಡಲಿನ ಹಾಗೆ ಬಿದ್ದಿರುವುದು ಓವೆನ್ಸ್ ಕಣಿವೆ. ಕಣಿವೆಯ ಲೋನ್ ಪೈನ್ ಅನ್ನುವ ಊರು ಇರುವುದು 1,100 ಮೀಟರ್ ಚಿಲ್ಲರೆ ಎತ್ತರದಲ್ಲಿ. ಅಲ್ಲಿಂದ ಮೌಂಟ್ ವಿಟ್ನಿಗೆ ನೇರ ದೂರ ಸುಮಾರು 20 ಕಿಲೋಮೀಟರ್ ಅಷ್ಟೆ. ಅಂದರೆ 20 ಕಿಲೋಮೀಟರ್‌ನಲ್ಲಿ ನೆಲ 3,200 ಮೀಟರ್‌ಗಿಂತ ಹೆಚ್ಚು ಕೆಳಗೆ ಬೀಳುತ್ತೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,900 ಮೀಟರ್, ಅದನ್ನು ಒಂದೂವರೆ ಪಟ್ಟು ಮಾಡಿದರೂ ಇದಕ್ಕೆ ಸಮ ಆಗಲ್ಲ.

ಪೆಸಿಫಿಕ್ ಸಾಗರದ ಕಡೆಯಿಂದ ಬರುವ ತೇವದ ಗಾಳಿ ಪಶ್ಚಿಮದ ಇಳಿಜಾರು ಹತ್ತುತ್ತಾ ತಣ್ಣಗಾಗಿ, ತನ್ನ ನೀರನ್ನೆಲ್ಲ ಮಳೆ, ಹಿಮದ ರೂಪದಲ್ಲಿ ಅಲ್ಲೇ ಸುರಿಸಿಬಿಡುತ್ತೆ. ಬೆಟ್ಟ ದಾಟಿದ ಮೇಲೆ ಅದರ ಕೈಯಲ್ಲಿ ಏನೂ ಉಳಿದಿರಲ್ಲ. ಆಗುಂಬೆಯಲ್ಲಿ ಮಳೆ ಸುರಿದು ಚಳ್ಳಕೆರೆ ಒಣಗಿರುವುದಕ್ಕೂ ಇದೇ ಕಾರಣ. ಇದಕ್ಕೆ ಮಳೆ ನೆರಳು ಅಂತಾರೆ. ಓವೆನ್ಸ್ ಕಣಿವೆಯ ನೆಲದಲ್ಲಿ ವರ್ಷಕ್ಕೆ ಬೀಳುವ ಮಳೆ 15 ಸೆಂಟಿಮೀಟರ್ ಆಸುಪಾಸು. ಅದು ಮರುಭೂಮಿಯ ಲೆಕ್ಕ.

ಒಣಗಿದ ಗಾಳಿ ಈಗ ಪೂರ್ವದ ಕಡಿದಾದ ಇಳಿಜಾರಿನಲ್ಲಿ ಇಳಿಯಬೇಕು. ಇಲ್ಲಿ ನಿಮ್ಮೂರಿನ ಕೆರೆಯ ಕೋಡಿಯನ್ನು ಕಣ್ಮುಂದೆ ತಂದುಕೊಳ್ಳಿ. ಕೆರೆಯೊಳಗೆ ನೀರು ಸುಮ್ಮನೆ ನಿಂತಿರುತ್ತೆ. ಕೋಡಿಯ ಏರಿ ದಾಟಿದ್ದೇ ತಡ, ತೆಳ್ಳಗಾಗಿ, ವೇಗವಾಗಿ ಜಾರಿ ಕೆಳಗೆ ಬೀಳುತ್ತೆ. ಬುಡದಲ್ಲಿ ಏನಾಗುತ್ತೆ ಗಮನಿಸಿದ್ದೀರಾ? ಜಾರಿ ಬಂದ ನೀರು ಒಮ್ಮೆಲೇ ಮೇಲಕ್ಕೆ ಪುಟಿದು, ನೊರೆಯಾಗಿ, ತನ್ನ ಮೇಲೆ ತಾನೇ ಮಗುಚಿಕೊಳ್ಳುತ್ತೆ.

ಗಾಳಿಯೂ ಹೀಗೇ. ಬೆಟ್ಟದ ನೆತ್ತಿಯ ಮಟ್ಟದಲ್ಲಿ ಕೆಳಗೆ ತಣ್ಣನೆಯ ಭಾರದ ಗಾಳಿ, ಅದರ ಮೇಲೆ ಬೆಚ್ಚನೆಯ ಹಗುರ ಗಾಳಿ ಮುಚ್ಚಳದ ಹಾಗೆ ಕೂತಿದ್ದರೆ, ಕೆಳಗಿನದಕ್ಕೆ ಮೇಲೆ ಹೋಗಲು ದಾರಿ ಇರಲ್ಲ. ಅದು ಇಳಿಜಾರಿಗೆ ಅಂಟಿಕೊಂಡು ಧುಮುಕುತ್ತೆ. ಇಳಿದ ಪ್ರತಿ ಸಾವಿರ ಮೀಟರ್‌ಗೆ ಒಣ ಗಾಳಿ ಸುಮಾರು 10 ಡಿಗ್ರಿ ಬಿಸಿಯಾಗುತ್ತೆ, ಹಾಗಾಗಿ ಮತ್ತಷ್ಟು ಒಣಗುತ್ತೆ. ಬುಡ ಮುಟ್ಟುವ ಹೊತ್ತಿಗೆ ಗಂಟೆಗೆ 100 ಕಿಲೋಮೀಟರ್ ದಾಟುವ ಹೊಡೆತಗಳೂ ಇರುತ್ತವೆ. ಆಮೇಲೆ ಕೋಡಿಯ ನೀರಿನಂತೆಯೇ ಮೇಲಕ್ಕೆ ಪುಟಿಯುತ್ತೆ. ಆಕಾಶದಲ್ಲಿ ದೊಡ್ಡ ಅಲೆ ಏಳುತ್ತೆ. ಆ ಅಲೆಯ ಕೆಳಗೆ, ಮಲಗಿಸಿದ ಉರುಳೆಯಂತೆ ಗಾಳಿ ಸುತ್ತತೊಡಗುತ್ತೆ. ವಿಜ್ಞಾನಿಗಳು ಇದನ್ನು ರೋಟರ್ ಅಂತ ಕರೆದರು.

ಈ ಅಲೆ ಕಣ್ಣಿಗೆ ಕಾಣಲ್ಲ, ಅದರ ಗುರುತು ಕಾಣುತ್ತೆ. ಅಲೆಯ ನೆತ್ತಿಯಲ್ಲಿ ಮಸೂರದ ಆಕಾರದ ಮೋಡಗಳು, ಇಡ್ಲಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ, ಅಲುಗಾಡದೆ ನಿಂತಿರುತ್ತವೆ. ಮೋಡ ನಿಂತಿದೆ, ಅದರೊಳಗಿಂದ ಗಾಳಿ ಮಾತ್ರ ಭರ್ರನೆ ಹಾದು ಹೋಗ್ತಿರುತ್ತೆ.

ಇಂಥ ಗಾಳಿ ಚಳಿಗಾಲದಲ್ಲಿ, ವಸಂತದಲ್ಲಿ ಜೋರು. ಸಿಯೆರಾ ಪರ್ವತ ಈ ಎತ್ತರಕ್ಕೆ ಬಂದಂದಿನಿಂದ ಇದು ಬೀಸ್ತಾನೇ ಇದೆ. ಗಾಳಿ ಇಲ್ಲಿಯ ಹಳೇ ನಿವಾಸಿ. ಧೂಳಿನ ಕಥೆ ಬೇರೆ.

ನೀರು ಹರಿಯುವ ಜಾಗ

ಈ ಕಣಿವೆಯ ಮೂಲ ಜನ ಪೈಯೂಟ್ ಸಮುದಾಯದವರು. ಅವರು ತಮ್ಮ ಕಣಿವೆಯನ್ನು ಪಾಯಹೂನಾಡು ಅಂತ ಕರೀತಾರೆ. ಕೇಳಿದರೆ ಕನ್ನಡದ ನಾಡು ಅನ್ನಿಸುತ್ತೆ, ಸಂಬಂಧ ಏನೂ ಇಲ್ಲ. ಅವರ ಭಾಷೆಯಲ್ಲಿ ಅದರ ಅರ್ಥ 'ನೀರು ಹರಿಯುವ ಜಾಗ'.

ಮರುಭೂಮಿಗೆ ಈ ಹೆಸರೇ ಅಂತ ಆಶ್ಚರ್ಯ ಬೇಡ. ಬೆಟ್ಟದ ಮೇಲೆ ಬಿದ್ದ ಹಿಮ ಬೇಸಿಗೆಯಲ್ಲಿ ಕರಗಿ ನೂರಾರು ತೊರೆಗಳಾಗಿ ಇಳಿದು ಓವೆನ್ಸ್ ನದಿ ಸೇರುತ್ತಿತ್ತು. ನದಿ ಕೊನೆಗೆ ಕಣಿವೆಯ ದಕ್ಷಿಣ ತುದಿಯ ಸರೋವರಕ್ಕೆ ಬೀಳುತ್ತಿತ್ತು. ಪೈಯೂಟರ ಬಾಯಲ್ಲಿ ಅದು ಪಾತ್ಸಿಯಾಟಾ. ಸುಮಾರು 280 ಚದರ ಕಿಲೋಮೀಟರ್ ಹರವು. ಸಮುದ್ರಕ್ಕೆ ದಾರಿ ಇಲ್ಲದ್ದರಿಂದ ಸಾವಿರಾರು ವರ್ಷಗಳ ಉಪ್ಪು ಅದರಲ್ಲೇ ಕೂಡಿಕೊಂಡಿತ್ತು. ಮೀನಿಲ್ಲದ ಉಪ್ಪು ನೀರು. ಆದರೆ ದಡದಲ್ಲಿ ಉಪ್ಪುನೊಣಗಳು ಕೋಟಿಗಟ್ಟಲೆ, ಅವನ್ನು ತಿನ್ನಲು ಬರುವ ವಲಸೆ ಹಕ್ಕಿಗಳು ಲೆಕ್ಕವಿಲ್ಲದಷ್ಟು. ಪೈಯೂಟರೂ ಆ ನೊಣದ ಗೂಡುಹುಳುಗಳನ್ನು ಸಂಗ್ರಹಿಸಿ, ಒಣಗಿಸಿ ಆಹಾರ ಮಾಡಿಕೊಳ್ಳುತ್ತಿದ್ದರು. ಕಣಿವೆಯ ಮೇಲ್ಭಾಗದಲ್ಲಿ ಕಾಲುವೆ ತೋಡಿ ಕಾಡುಗೆಡ್ಡೆಗಳ ಹೊಲಗಳಿಗೆ ನೀರು ಹಾಯಿಸುತ್ತಿದ್ದರು.

1860ರ ದಶಕದಲ್ಲಿ ಬಿಳಿಯ ದನಗಾರರು, ಗಣಿಗಾರರು ಬಂದರು. ಘರ್ಷಣೆ ಆಯಿತು, ಸೈನ್ಯ ಬಂತು. 1863ರಲ್ಲಿ ಸಾವಿರದ ಹತ್ತಿರ ಪೈಯೂಟರನ್ನು ಕಣಿವೆಯಿಂದ ದಕ್ಷಿಣದ ಫೋರ್ಟ್ ಟೆಹೋನ್‌ಗೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರಿದ್ದಾರೆ. ತಪ್ಪಿಸಿಕೊಂಡು ಮರಳಿ ಬಂದವರಿಗೆ ತಾವು ತೋಡಿದ ಕಾಲುವೆಗಳ ಪಕ್ಕದಲ್ಲೇ ಬೇರೆಯವರ ಹೊಲದಲ್ಲಿ ಕೂಲಿ ಕೆಲಸ ಸಿಕ್ಕಿತು. ಈ ಕಣಿವೆಯಲ್ಲಿ ನೀರು ಕೈ ಬದಲಾಗಿದ್ದು ಇದೇ ಮೊದಲು. ಎರಡನೇ ಸಲದ್ದು ಮುಂದೆ ಬರುತ್ತೆ.

ಸರೋವರ ಆಗ ಎಷ್ಟು ಆಳವಿತ್ತು ಅನ್ನೋದಕ್ಕೆ ಒಂದು ಸಾಕ್ಷಿ ಹೇಳ್ತೀನಿ. ಅದರಲ್ಲಿ ಉಗಿದೋಣಿ ಓಡುತ್ತಿತ್ತು. ಪೂರ್ವದ ಬೆಟ್ಟದಲ್ಲಿ ಸೆರೋ ಗೋರ್ಡೋ ಅನ್ನುವ ಬೆಳ್ಳಿ, ಸೀಸದ ಗಣಿ. ಗಟ್ಟಿಗಳನ್ನು ಆ ದಡಕ್ಕೆ ಸಾಗಿಸಲು 1872ರಲ್ಲಿ ಬೆಸ್ಸಿ ಬ್ರೇಡಿ ಎಂಬ ಉಗಿದೋಣಿ ನೀರಿಗಿಳಿಯಿತು. ಅಲ್ಲಿಂದ ಹೇಸರಗತ್ತೆಗಳ ಗಾಡಿಯಲ್ಲಿ ಬೆಳ್ಳಿ ಲಾಸ್ ಏಂಜಲೀಸ್ ಸೇರುತ್ತಿತ್ತು. ಆ ಕಾಲಕ್ಕೆ ಅದೊಂದು ಸಣ್ಣ, ಧೂಳು ತುಂಬಿದ ಪಟ್ಟಣ. ಅದರ ವ್ಯಾಪಾರ ಚಿಗುರಿದ್ದರಲ್ಲಿ ಈ ಬೆಳ್ಳಿಯ ಪಾಲೂ ಇದೆ.

ನೀರಗಂಟಿ ದೊಡ್ಡ ಇಂಜಿನಿಯರ್ ಆದ

ಹಳೇ ಮೈಸೂರು ಸೀಮೆಯ ಕೆರೆಗಳಲ್ಲಿ ನೀರಗಂಟಿ ಅಂತ ಒಬ್ಬರು ಇರ್ತಿದ್ದರು. ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳುವವರು. 1878ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇದೇ ಥರದ ಕೆಲಸಕ್ಕೆ ಐರ್ಲೆಂಡ್‌ನಿಂದ ಬಂದ ಒಬ್ಬ ಹುಡುಗ ಸೇರಿಕೊಂಡ. ಕಾಲುವೆಯ ಕಸ ತೆಗೆಯುವುದು, ನೀರು ಹರಿಯುವಂತೆ ನೋಡಿಕೊಳ್ಳುವುದು ಅವನ ಕೆಲಸ. ಹೆಸರು ವಿಲಿಯಂ ಮಲ್‌ಹಾಲೆಂಡ್. ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಎಲ್ಲ ಸ್ವಂತ ಓದು. ಕೊನೆಗೆ ಆ ನಗರದ ನೀರಿನ ಇಲಾಖೆಯ ಮುಖ್ಯಸ್ಥನೇ ಆದ.

1900ರಲ್ಲಿ ಲಾಸ್ ಏಂಜಲೀಸ್ ಜನಸಂಖ್ಯೆ ಒಂದು ಲಕ್ಷ. ಹತ್ತೇ ವರ್ಷದಲ್ಲಿ ಮೂರು ಲಕ್ಷ ದಾಟಿತು. ಊರಿನ ನದಿ ಸಾಲದಾಯಿತು. ನಗರದ ಮಾಜಿ ಮೇಯರ್ ಫ್ರೆಡ್ ಈಟನ್, ಮಲ್‌ಹಾಲೆಂಡ್‌ನನ್ನು ಓವೆನ್ಸ್ ಕಣಿವೆಗೆ ಕರೆದುಕೊಂಡು ಹೋಗಿ ನದಿ ತೋರಿಸಿದ. ಅದೇ ಕಣಿವೆಗೆ ನೀರಾವರಿ ಮಾಡಿಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರವೂ ಆಗ ಪರಿಶೀಲಿಸುತ್ತಿತ್ತು. ಈಟನ್ ಜಮೀನು, ನೀರಿನ ಹಕ್ಕು ಖರೀದಿಗೆ ಬಂದಾಗ, ಇದು ಆ ಸರ್ಕಾರಿ ಯೋಜನೆಗೇ ಇರಬೇಕು ಅಂತ ಅನೇಕ ರೈತರು ನಂಬಿಕೊಂಡರು. 1905ರ ಜುಲೈ ಕೊನೆಗೆ ಪತ್ರಿಕೆಯಲ್ಲಿ ಸುದ್ದಿ ಬಂದಾಗಲೇ ಗೊತ್ತಾಗಿದ್ದು, ನೀರು ಹೋಗ್ತಿರೋದು ಲಾಸ್ ಏಂಜಲೀಸ್‌ಗೆ ಅಂತ. ಹೆಚ್ಚು ಜನರಿಗೆ ಹೆಚ್ಚು ಉಪಯೋಗ ಎಂಬ ವಾದದ ಮೇಲೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ನಗರದ ಪರ ನಿಂತರು.

1913ರ ನವೆಂಬರ್ 5ರಂದು ಮೇಲ್ಗಾಲುವೆಯ ಕೊನೆಯ ಗೇಟು ತೆರೆಯಿತು. ಉದ್ದ ಸುಮಾರು 375 ಕಿಲೋಮೀಟರ್. ದಾರಿಯುದ್ದಕ್ಕೂ ಒಂದೇ ಒಂದು ಪಂಪ್ ಇಲ್ಲ. ಬೆಟ್ಟದ ನೀರು ತನ್ನ ಭಾರಕ್ಕೆ ತಾನೇ ಇಳಿದು ನಗರ ಮುಟ್ಟಬೇಕು, ಹಾಗೆ ಲೆಕ್ಕ ಹಾಕಿ ಕಟ್ಟಿದ್ದರು. ಇಂಜಿನಿಯರಿಂಗ್ ದೃಷ್ಟಿಯಿಂದ ಅದ್ಭುತವೇ, ಅದರಲ್ಲಿ ಎರಡು ಮಾತಿಲ್ಲ. ಸಾವಿರಾರು ಜನ ಸೇರಿದ್ದ ಆ ಸಮಾರಂಭದಲ್ಲಿ ನೀರು ಧುಮುಕಿದಾಗ ಮಲ್‌ಹಾಲೆಂಡ್ ಮಾಡಿದ ಭಾಷಣ ಪ್ರಸಿದ್ಧ: 'ಅಗೋ ಅಲ್ಲಿದೆ. ತಗೊಳ್ಳಿ.' ಅಷ್ಟೇ.

ತಗೊಂಡರು. 1926ರ ಹೊತ್ತಿಗೆ ಉಗಿದೋಣಿ ಓಡಿದ್ದ ಸರೋವರ ಬಹುತೇಕ ಬತ್ತಿತ್ತು. ಒಂದು ವಿಷಯ ಇಲ್ಲಿ ಹೇಳಲೇಬೇಕು: ಕಣಿವೆಯ ರೈತರ ನೀರಾವರಿಯಿಂದ, ಬರದಿಂದ ಸರೋವರದ ಮಟ್ಟ ಅದಕ್ಕೂ ಮೊದಲೇ ಇಳಿದಿತ್ತು. ಆದರೆ ನದಿಯನ್ನೇ ತಿರುಗಿಸಿದ ಮೇಲೆ ಅದಕ್ಕೆ ಚೇತರಿಸಿಕೊಳ್ಳುವ ದಾರಿಯೇ ಉಳಿಯಲಿಲ್ಲ.

ಕಣಿವೆಯವರು ಸುಮ್ಮನೆ ಕೂರಲಿಲ್ಲ. 1924ರ ಮೇನಲ್ಲಿ ಮೇಲ್ಗಾಲುವೆಗೆ ಡೈನಮೈಟ್ ಇಟ್ಟರು. ನವೆಂಬರ್‌ನಲ್ಲಿ ಹತ್ತಾರು ಜನ ಅಲಬಾಮಾ ಗೇಟ್ಸ್ ಎಂಬಲ್ಲಿನ ತೂಬುಗಳನ್ನು ವಶಪಡಿಸಿಕೊಂಡು ನೀರನ್ನು ಹಳೇ ನದಿಗೇ ಬಿಟ್ಟರು. ನಾಲ್ಕು ದಿನ ಅದು ಪ್ರತಿಭಟನೆಯೂ ಹೌದು, ಜಾತ್ರೆಯೂ ಹೌದು. ಹೆಂಗಸರು, ಮಕ್ಕಳು ಊಟ ಕಟ್ಟಿಕೊಂಡು ಬಂದು ಸೇರಿಕೊಂಡರು. 1927ರಲ್ಲಿ ಈ ಹೋರಾಟದ ಮುಂದಾಳುಗಳಾಗಿದ್ದ ವಾಟರ್‌ಸನ್ ಸಹೋದರರ ಬ್ಯಾಂಕು ಮುಳುಗಿತು, ಹಣ ದುರುಪಯೋಗದ ಆರೋಪದಲ್ಲಿ ಅವರೇ ಜೈಲಿಗೆ ಹೋದರು. ಊರವರ ಉಳಿತಾಯದ ಜೊತೆ ಹೋರಾಟವೂ ಹೋಯಿತು. ಮುಂದಿನ ವರ್ಷಗಳಲ್ಲಿ ಕಣಿವೆಯ ಜಮೀನಿನ ದೊಡ್ಡ ಪಾಲು ಲಾಸ್ ಏಂಜಲೀಸ್ ನಗರದ ಹೆಸರಿಗೆ ಬಂತು.

ಉಪ್ಪು ಹಿಟ್ಟಾದಾಗ

ಈಗ ಕಣಿವೆಯ ತಳದಲ್ಲಿ ಉಳಿದದ್ದು ಬರೀ ಮಣ್ಣಲ್ಲ. ಸಾವಿರಾರು ವರ್ಷಗಳಿಂದ ಕೂಡಿದ ಉಪ್ಪು, ಸೋಡಾ, ನುಣ್ಣನೆ ಜೇಡಿ. ಅದರಲ್ಲಿ ಆರ್ಸೆನಿಕ್, ಕ್ಯಾಡ್ಮಿಯಂನಂಥ ವಿಷ ಧಾತುಗಳೂ ಇವೆ.

ಬೇಸಿಗೆಯಲ್ಲಿ ಈ ತಳ ಹಪ್ಪಳದ ಹಾಗೆ ಗಟ್ಟಿಯಾಗಿರುತ್ತೆ. ಗಾಳಿ ಬಂದರೂ ಏನೂ ಏಳಲ್ಲ. ಚಳಿಗಾಲದಲ್ಲಿ ಕಥೆ ಬದಲಾಗುತ್ತೆ. ಮಳೆಯ ಒಂದಿಷ್ಟು ಹನಿ, ನೆಲದಡಿಯ ತೇವ, ಮೇಲೆ ಚಳಿ. ಸೋಡಿಯಂ ಲವಣಗಳ ಹರಳುಗಳು ನೀರು ಹಿಡಿದುಕೊಂಡು ಊದಿಕೊಳ್ಳುತ್ತವೆ, ಗಟ್ಟಿ ಪದರವನ್ನು ಒಡೆಯುತ್ತವೆ. ಆಮೇಲೆ ನೀರು ಬಿಟ್ಟುಕೊಟ್ಟಾಗ ಬಿಳೀ ಹಿಟ್ಟಾಗಿ ಉಳಿಯುತ್ತವೆ. ಗಾಳಿ ಅತಿ ಜೋರಾಗಿ ಬೀಸುವ ತಿಂಗಳುಗಳಲ್ಲೇ ನೆಲ ಅತಿ ಸಡಿಲವಾಗಿರುತ್ತೆ.

ಇನ್ನೊಂದು ಸ್ವಾರಸ್ಯ ಇದೆ. ಬರೀ ನುಣುಪು ಧೂಳನ್ನು ಎಬ್ಬಿಸುವುದು ಗಾಳಿಗೂ ಕಷ್ಟ, ಯಾಕಂದ್ರೆ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗಾಳಿ ಮೊದಲು ಹಿಡಿಯೋದು ಮರಳಿನ ಕಣಗಳನ್ನು. ಅವು ಕುಪ್ಪಳಿಸುತ್ತಾ ಹೋಗಿ, ಕೇರಂನ ಸ್ಟ್ರೈಕರ್ ಕಾಯಿಗಳಿಗೆ ಹೊಡೆದ ಹಾಗೆ ನೆಲಕ್ಕೆ ಹೊಡೆಯುತ್ತವೆ. ಆ ಹೊಡೆತಕ್ಕೆ ನುಣ್ಣನೆ ಧೂಳು ಸಿಡಿದೇಳುತ್ತೆ. ಸಿಡಿದ ಧೂಳನ್ನು ರೋಟರ್‌ನ ಏರುಗಾಳಿ ಗೋಡೆಯಂತೆ ಸಾವಿರಾರು ಅಡಿ ಮೇಲಕ್ಕೆ ಒಯ್ಯುತ್ತೆ.

ಸರೋವರದ ಪೂರ್ವ ದಡದಲ್ಲಿ ಕೀಲರ್ ಅಂತ ಒಂದು ಊರು. ಒಂದು ಕಾಲಕ್ಕೆ ರೈಲು ಬಂದು ನಿಲ್ಲುತ್ತಿದ್ದ ಗಣಿ ಊರು. ಈಗ ಬೆರಳೆಣಿಕೆಯ ಮನೆಗಳು. ಬಿಳೀ ಧೂಳು ಊರನ್ನು ಮುಚ್ಚಿಕೊಂಡಾಗ ಅಲ್ಲಿಯ ಜನ ಅದನ್ನು 'ಕೀಲರ್ ಮಂಜು' ಅಂತ ಕರೀತಿದ್ದರು. ಮಂಜಾದರೆ ಬಿಸಿಲಿಗೆ ಕರಗುತ್ತೆ, ಇದು ಶ್ವಾಸಕೋಶದಲ್ಲಿ ಕೂರುತ್ತೆ.

ಮುಳ್ಳುತಂತಿಯ ಒಳಗೆ ಒಂದು ಕೊಳ

ಸರೋವರದಿಂದ ಉತ್ತರಕ್ಕೆ ಮ್ಯಾಂಜನಾರ್ ಎಂಬ ಜಾಗ ಇದೆ. ಸ್ಪ್ಯಾನಿಷ್‌ನಲ್ಲಿ ಸೇಬಿನ ತೋಟ ಅಂತ ಅರ್ಥ. 1910ರ ಹೊತ್ತಿಗೆ ಅಲ್ಲಿ ನಿಜಕ್ಕೂ ಸೇಬು, ಪೇರು ಬೆಳೆಯುವ ಊರಿತ್ತು. 1920ರ ದಶಕದಲ್ಲಿ ನಗರ ಆ ಜಮೀನು, ನೀರು ಕೊಂಡುಕೊಂಡ ಮೇಲೆ ಊರು ಖಾಲಿಯಾಯಿತು.

1942ರಲ್ಲಿ ಖಾಲಿ ಜಾಗಕ್ಕೆ ಬೇರೆ ಜನ ಬಂದರು, ಬಂದೂಕಿನ ಕಾವಲಿನಲ್ಲಿ. ಪರ್ಲ್ ಹಾರ್ಬರ್ ದಾಳಿಯ ನಂತರ ಅಮೆರಿಕ ಸರ್ಕಾರ ತನ್ನದೇ ಜಪಾನೀ ಮೂಲದ ಜನರನ್ನು ಶಿಬಿರಗಳಿಗೆ ತಳ್ಳಿತು. ಮ್ಯಾಂಜನಾರ್ ಅವುಗಳಲ್ಲಿ ಒಂದು. ಒಮ್ಮೆಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿದ್ದರು, ಬಹುಪಾಲು ಅಮೆರಿಕದ ಪ್ರಜೆಗಳೇ. ಶಿಬಿರ ಕಟ್ಟಲು ಗಿಡಗಂಟಿ ಕೆತ್ತಿ ನೆಲ ಬೋಳು ಮಾಡಿದ್ದರು. ಮನೆಗಳು ಹಸಿ ಮರದ ಹಲಗೆಯವು, ಮೇಲೆ ಟಾರು ಕಾಗದ. ಹಲಗೆ ಒಣಗಿ ಸಂದು ಬಿಟ್ಟವು. ಬೆಟ್ಟದ ಗಾಳಿ ಬಂದಾಗಲೆಲ್ಲ ಹಾಸಿಗೆ, ತಟ್ಟೆ, ಬಾಯಿ ಎಲ್ಲ ಧೂಳು. ಅಲ್ಲಿದ್ದವರು ಮುಂದೆ ಹೇಳಿಕೊಂಡ ನೆನಪುಗಳಲ್ಲಿ ಮುಳ್ಳುತಂತಿಯಷ್ಟೇ ಈ ಧೂಳೂ ಬರುತ್ತೆ.

ಅವರು ಏನು ಮಾಡಿದರು ಗೊತ್ತಾ? ಹುಲ್ಲು ಬೆಳೆಸಿದರು, ಗಿಡ ನೆಟ್ಟರು, ಕಲ್ಲು ಹೊತ್ತು ತಂದು ಕೊಳಗಳಿರುವ ಜಪಾನೀ ಉದ್ಯಾನಗಳನ್ನು ಕಟ್ಟಿದರು. ಮನಸ್ಸಿನ ನೆಮ್ಮದಿಗೂ ಹೌದು, ಧೂಳು ತಡೆಯಲಿಕ್ಕೂ ಹೌದು. ನೀರು, ಹಸಿರು, ಕಲ್ಲು. ಈ ಮೂರನ್ನು ನೆನಪಿಟ್ಟುಕೊಳ್ಳಿ. ಅರವತ್ತು ವರ್ಷದ ಮೇಲೆ ಲಾಸ್ ಏಂಜಲೀಸ್ ಕೂಡ ಸರೋವರದ ತಳದಲ್ಲಿ ಇವನ್ನೇ ಹಾಕಬೇಕಾಗಿ ಬಂತು. ಕೈದಿಗಳು ಬರಿಗೈಯಲ್ಲಿ ಮೊದಲೇ ಮಾಡಿ ತೋರಿಸಿದ್ದರು.

ಆಕಾಶ ನೋಡಿದವರು

ಯುದ್ಧ ಮುಗಿದ ಮೇಲೆ ಕಣಿವೆಗೆ ಇನ್ನೊಂದು ಥರದ ಜನ ಬಂದರು. ಗ್ಲೈಡರ್ ಹಾರಿಸುವವರು. ಇಂಜಿನ್ ಇಲ್ಲದ ವಿಮಾನಕ್ಕೆ ಏರುಗಾಳಿಯೇ ಪೆಟ್ರೋಲ್. ಸಿಯೆರಾ ಅಲೆಯಷ್ಟು ದೊಡ್ಡ ಏರುಗಾಳಿ ಸಿಗುವ ಜಾಗ ಪ್ರಪಂಚದಲ್ಲೇ ಕಡಿಮೆ. ಬಿಷಪ್ ಎಂಬ ಊರಿನ ಪೈಲಟ್ ರಾಬರ್ಟ್ ಸೈಮನ್ಸ್ 1950ರ ಸುಮಾರಿಗೆ ಯುದ್ಧವಿಮಾನದಿಂದ ತೆಗೆದ ಒಂದು ಫೋಟೋ ಹವಾಮಾನ ವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಸಿಗುತ್ತೆ. ಒಂದು ಕಡೆ ಹಿಮದ ಬೆಟ್ಟ, ಅದರಿಂದ ಇಳಿದ ಗಾಳಿ, ಕಣಿವೆಯ ನಡುವೆ ನೆಟ್ಟಗೆ ಎದ್ದು ನಿಂತ ಧೂಳಿನ ಗೋಡೆ. ಕಾಣದ ಅಲೆಯ ಆಕಾರವನ್ನು ಧೂಳೇ ಬರೆದು ತೋರಿಸಿತ್ತು.

1951-52ರಲ್ಲಿ ಸಿಯೆರಾ ವೇವ್ ಪ್ರಾಜೆಕ್ಟ್ ನಡೆಯಿತು. ಜರ್ಮನಿಯಿಂದ ಬಂದಿದ್ದ ಯೋವಾಖಿಂ ಕ್ಯೂಟ್ನರ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯೋರ್ಗನ್ ಹೋಲ್ಮ್‌ಬೋ ಮೊದಲಾದ ವಿಜ್ಞಾನಿಗಳು, ಗ್ಲೈಡರ್ ಪೈಲಟ್‌ಗಳು, ವಾಯುಪಡೆ ಎಲ್ಲ ಸೇರಿದ ಕೆಲಸ. 1952ರಲ್ಲಿ ಲ್ಯಾರಿ ಎಡ್ಗರ್ ಮತ್ತು ಹೆರಾಲ್ಡ್ ಕ್ಲೀಫೋರ್ತ್ ಗ್ಲೈಡರ್‌ನಲ್ಲಿ 44,000 ಅಡಿ ದಾಟಿದರು. ಇವತ್ತಿನ ಪ್ರಯಾಣಿಕ ವಿಮಾನಗಳು ಹಾರುವುದಕ್ಕಿಂತ ಎತ್ತರ. 1955ರಲ್ಲಿ ಅದೇ ಎಡ್ಗರ್ ಇದ್ದ ಗ್ಲೈಡರ್ ರೋಟರ್‌ಗೆ ಸಿಕ್ಕಿ ಗಾಳಿಯಲ್ಲೇ ಚೂರಾಯಿತು. ಪ್ಯಾರಾಚೂಟ್‌ನಿಂದ ಆತ ಬದುಕಿದ. ಬೆಟ್ಟದ ಹಿಂದಿನ ಗಾಳಿ ವಿಮಾನಗಳಿಗೆ ಎಷ್ಟು ಅಪಾಯ ಅಂತ ಲೋಕಕ್ಕೆ ಮನದಟ್ಟಾಗಲು ಇಂಥ ಹಾರಾಟಗಳೇ ಕಾರಣ.

ಆ ವಿಜ್ಞಾನಿಗಳ ಕಣ್ಣು ಮೇಲಿತ್ತು, ಅಲೆಯ ಕಡೆ. ಧೂಳು ಅವರಿಗೆ ಗಾಳಿಯ ಗುರುತು ಹೇಳುವ ಬಣ್ಣ. ಅದನ್ನು ಉಸಿರಾಡುತ್ತಿದ್ದವರ ಲೆಕ್ಕ ಇಡುವವರು ಆಗ ಇರಲಿಲ್ಲ.

ಧೂಳಿಗೆ ವಾರಸುದಾರ

ಲೆಕ್ಕ ಶುರುವಾಗಿದ್ದು 1980ರ ದಶಕದಲ್ಲಿ. 1983ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು. ನಗರದ ನೀರು ಸಾಗಣೆಯಿಂದ ಏಳುವ ಧೂಳನ್ನು ತಡೆಯಲು ಕ್ರಮ ಕೈಗೊಳ್ಳಿ ಎಂದು ಆದೇಶಿಸುವ ಅಧಿಕಾರ ಕಣಿವೆಯ ವಾಯುಮಾಲಿನ್ಯ ನಿಯಂತ್ರಣ ಸಂಸ್ಥೆಗೆ ಸಿಕ್ಕಿತು. ಆದರೆ ನೀರು ಒಯ್ಯುವ ನಗರದ ಹಕ್ಕನ್ನು ಮುಟ್ಟುವಂತಿಲ್ಲ ಅಂತಲೂ ಅದರಲ್ಲೇ ಬರೆದಿತ್ತು. ರಾಜಿ ಕಾನೂನು. ಆದರೂ ಮೊದಲ ಬಾರಿಗೆ ಧೂಳಿಗೆ ಒಬ್ಬ ವಾರಸುದಾರ ಸಿಕ್ಕಿದ್ದ.

1987ರಲ್ಲಿ ಕೇಂದ್ರ ಸರ್ಕಾರ ಪಿಎಂ 10 ಮಾನದಂಡ ತಂದಿತು. ಪಿಎಂ 10 ಅಂದರೆ 10 ಮೈಕ್ರೋಮೀಟರ್‌ಗಿಂತ ಸಣ್ಣ ಕಣ. ನಿಮ್ಮ ಫೋನಿನ ಎಕ್ಯೂಐ ಆ್ಯಪ್‌ನಲ್ಲಿ ಕಾಣುತ್ತಲ್ಲ, ಅದೇ. ದಿನದ ಮಿತಿ ಒಂದು ಘನ ಮೀಟರ್ ಗಾಳಿಗೆ 150 ಮೈಕ್ರೋಗ್ರಾಂ. ಬತ್ತಿದ ಸರೋವರದ ದಡದಲ್ಲಿ ಈ ಮಿತಿಯ ನೂರು ಪಟ್ಟು ದಾಟಿದ ದಿನಗಳೂ ದಾಖಲಾಗಿವೆ. ಇಡೀ ಅಮೆರಿಕದಲ್ಲಿ ಒಂದೇ ಜಾಗದಿಂದ ಅತಿ ಹೆಚ್ಚು ಪಿಎಂ 10 ಏಳುವುದು ಇಲ್ಲಿಂದಲೇ ಎಂದಾಯಿತು.

1998ರಲ್ಲಿ ಒಪ್ಪಂದವಾಯಿತು. 2001ರ ಕೊನೆಗೆ ಸರೋವರದ ತಳಕ್ಕೆ ಮೊದಲ ನೀರು ಬಿಟ್ಟರು. ಸರೋವರ ತುಂಬಿಸುವಷ್ಟು ಅಲ್ಲ, ನೆಲ ಒದ್ದೆಯಾಗಿರುವಷ್ಟು, ತೆಳ್ಳಗೆ. ಇನ್ನು ಕೆಲವು ಕಡೆ ಉಪ್ಪು ತಡೆಯುವ ಹುಲ್ಲು, ಇನ್ನು ಕೆಲವು ಕಡೆ ಜಲ್ಲಿಕಲ್ಲಿನ ಹಾಸು. ನೀರು, ಹಸಿರು, ಕಲ್ಲು. ಜಗಳ ಮಾತ್ರ ನಿಲ್ಲಲಿಲ್ಲ. ಇನ್ನೆಷ್ಟು ಜಾಗಕ್ಕೆ ನಾವು ಹೊಣೆ, ಎಲ್ಲಿಂದ ಆಚೆ ಪ್ರಕೃತಿಯ ಧೂಳು ಅಂತ ನಗರ 2012ರಲ್ಲಿ ಕೋರ್ಟಿಗೆ ಹೋಯಿತು. 2014ರಲ್ಲಿ ಎರಡೂ ಕಡೆಯವರು ರಾಜಿಯಾದರು, ಹೊಣೆಗೆ ಒಂದು ಗಡಿ ಬಿತ್ತು.

ಹಾಗಾದರೆ ಗಾಳಿಯ ಪಾಲು ಎಷ್ಟು? 2006ರ ಮಾರ್ಚ್, ಏಪ್ರಿಲ್‌ನಲ್ಲಿ ಟಿ-ರೆಕ್ಸ್ ಎಂಬ ದೊಡ್ಡ ಸಂಶೋಧನೆ ಇದೇ ಕಣಿವೆಯಲ್ಲಿ ನಡೆಯಿತು. ಮುಂದಾಳತ್ವ ವಾಂಡಾ ಗ್ರುಬಿಶಿಚ್ ಅವರದ್ದು. 1951ರ ತಂಡದಲ್ಲಿದ್ದ ಕ್ಯೂಟ್ನರ್ ತೊಂಬತ್ತು ದಾಟಿದ ವಯಸ್ಸಿನಲ್ಲಿ ಇದರ ಯೋಜನೆಗೂ ಕೈಜೋಡಿಸಿದ್ದರು. 1979ರಲ್ಲಿ ನಮ್ಮ ಮುಂಗಾರನ್ನು ಅಧ್ಯಯನ ಮಾಡಿದ ಮೋನೆಕ್ಸ್ ಪ್ರಯೋಗದಲ್ಲಿ ಕೆಲಸ ಮಾಡಿದ್ದ ಹಿರಿಯರು ಅವರು. ಲೇಸರ್, ರಾಡಾರ್, ವಿಮಾನ ಎಲ್ಲ ಬಳಸಿ ಅಳೆದಾಗ ಗೊತ್ತಾಗಿದ್ದು, ಕಥೆ ನಾನು ಆಗಲೇ ಹೇಳಿದಷ್ಟು ಸರಳ ಅಲ್ಲ ಅಂತ. ರಾತ್ರಿಯಿಡೀ ಕಣಿವೆಯ ತಳದಲ್ಲಿ ತಣ್ಣನೆ ಗಾಳಿ ಮಡುಗಟ್ಟಿರುತ್ತೆ. ಅದು ಗಟ್ಟಿಯಾಗಿದ್ದರೆ ಬೆಟ್ಟದ ಗಾಳಿ ಅದರ ಮೇಲೆಯೇ ಜಾರಿ ಹೋಗುತ್ತೆ, ನೆಲ ಮುಟ್ಟಲ್ಲ. ಬಿಸಿಲಿಗೆ ಆ ಮಡು ಕರಗಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಗಾಳಿ ನೆಲಕ್ಕೆ ಅಪ್ಪಳಿಸುತ್ತೆ. ಇನ್ನು ಕೆಲವು ದಿನ ಕಣಿವೆಯ ಉದ್ದಕ್ಕೆ ಉತ್ತರದಿಂದಲೋ ದಕ್ಷಿಣದಿಂದಲೋ ನುಗ್ಗುವ ಗಾಳಿಯೇ ಧೂಳೆಬ್ಬಿಸುತ್ತೆ. ಗಾಳಿಗೆ ಹಲವು ದಾರಿ. ಎಲ್ಲ ದಾರಿಗಳೂ ಬಂದು ಸೇರುವುದು ಅದೇ ಬೋಳು ತಳಕ್ಕೆ.

ಉಳಿದ ಪ್ರಶ್ನೆ

ಇವತ್ತು ಅಲ್ಲಿ ಸುಮಾರು 125 ಚದರ ಕಿಲೋಮೀಟರ್ ಜಾಗದಲ್ಲಿ ಧೂಳು ತಡೆಯುವ ವ್ಯವಸ್ಥೆ ಇದೆ. ಧೂಳು ಬಹಳಷ್ಟು ಇಳಿದಿದೆ. ಯಾರೂ ಪ್ಲಾನ್ ಮಾಡದ ಒಂದು ಒಳ್ಳೆಯದೂ ಆಯಿತು. ತೆಳು ನೀರು ಬಿಟ್ಟ ಮೇಲೆ ಉಪ್ಪುನೊಣ ಬಂದವು, ನೊಣಗಳ ಹಿಂದೆ ಹಕ್ಕಿಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಮರಳಿದವು. 2006ರ ಡಿಸೆಂಬರ್‌ನಲ್ಲಿ ಹಳೇ ನದಿಯ ಕೆಳಭಾಗಕ್ಕೂ ಸ್ವಲ್ಪ ನೀರು ಬಿಟ್ಟರು. 2023ರಲ್ಲಿ ಹಿಮ ವಿಪರೀತ ಬಿದ್ದಾಗ ಸರೋವರದ ತಳದಲ್ಲಿ ಕೆಲಕಾಲ ನಿಜವಾದ ನೀರೇ ನಿಂತಿತು. ಪೈಯೂಟರು ಮಾತ್ರ ಇಂದಿಗೂ ತಮ್ಮ ನೀರಿನ ಹಕ್ಕಿಗಾಗಿ ಕೇಳುತ್ತಲೇ ಇದ್ದಾರೆ.

ಇದು ಕ್ಯಾಲಿಫೋರ್ನಿಯಾದ ಒಂದು ಮೂಲೆಯ ಕಥೆ ಮಾತ್ರ ಅಲ್ಲ. ಹತ್ತಿ ಬೆಳೆಗೆ ನದಿ ತಿರುಗಿಸಿದ ಮೇಲೆ ಮಧ್ಯ ಏಷ್ಯಾದ ಅರಲ್ ಸಮುದ್ರ ಬತ್ತಿ ಉಪ್ಪುಧೂಳಿನ ಮರುಭೂಮಿಯಾಯಿತು. ಇರಾನಿನ ಉರ್ಮಿಯಾ ಸರೋವರ ಕುಗ್ಗಿದೆ. ಅಮೆರಿಕದ ಯೂಟಾದಲ್ಲಿರುವ ಗ್ರೇಟ್ ಸಾಲ್ಟ್ ಲೇಕ್ 2022ರಲ್ಲಿ ದಾಖಲೆ ಇದ್ದಷ್ಟು ಕಾಲದಲ್ಲೇ ಅತಿ ಕೆಳಮಟ್ಟಕ್ಕೆ ಇಳಿಯಿತು, ಅದರ ಪಕ್ಕದಲ್ಲೇ ಸಾಲ್ಟ್ ಲೇಕ್ ಸಿಟಿಯಂಥ ದೊಡ್ಡ ನಗರ ಇದೆ. ಎಲ್ಲ ಕಡೆ ಸೂತ್ರ ಒಂದೇ: ಹೊರದಾರಿ ಇಲ್ಲದ ಬೋಗುಣಿ, ಅದರಲ್ಲಿ ಕೂಡಿದ ಉಪ್ಪು, ಸುತ್ತ ಗಾಳಿ. ಮೇಲೆ ನೀರಿರುವ ತನಕ ಗಾಳಿ ಬರೀ ಅಲೆ ಎಬ್ಬಿಸುತ್ತೆ. ನೀರು ತೆಗೆದರೆ ಅದೇ ಗಾಳಿ ಧೂಳೆಬ್ಬಿಸುತ್ತೆ.

ನೀರು ಒಯ್ದ ಲಾಭ 1913ರಲ್ಲೇ ಲೆಕ್ಕಕ್ಕೆ ಸಿಕ್ಕಿತ್ತು. ನಷ್ಟದ ಬಿಲ್ ಬಂದಿದ್ದು ಮೂರು ತಲೆಮಾರು ದಾಟಿದ ಮೇಲೆ, ನೀರು ಕುಡಿದವರ ಮೊಮ್ಮಕ್ಕಳ ಹೆಸರಿಗೆ. ಅಷ್ಟರೊಳಗೆ ಧೂಳು ಉಸಿರಾಡಿದವರಿಗೆ ಆ ದುಡ್ಡಿನಿಂದ ಏನೂ ಮರಳಿ ಬರಲಿಲ್ಲ. ಮುಂದಿನ ಸಲ ಯಾವುದೋ ನದಿಯ ನೀರು 'ಸುಮ್ಮನೆ ವ್ಯರ್ಥ ಹರೀತಿದೆ' ಅಂತ ಯಾರಾದರೂ ಹೇಳಿದರೆ, ಅದು ಎಲ್ಲಿಗೆ ಹರೀತಿದೆ, ಅಲ್ಲಿ ಏನನ್ನು ಅದುಮಿ ಇಟ್ಟಿದೆ ಅಂತ ಒಮ್ಮೆ ಕೇಳಿ.